ಸೊನ್ನೆ ನಂಬರಿನ ಖುರ್ಚಿ

ಬಹಳ ವರ್ಷ ನಾನು ನಮ್ಮ ಅಕ್ಕನಿಗೆ ಒಂದು ಸೀಟು ಬಾಕಿ ಇದ್ದೆ. ಔರಾದದಿಂದ ಬೀದರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಎಡಗಡೆಯ ಮೂರನೇ ಸಾಲಿನ ಕಿಟಕಿ ಸೀಟು. ಅದನ್ನು ಹಿಡಿದವನೂ ನಾನೇ, ಕಳೆದವನೂ ನಾನೇ, ಕಳೆದದ್ದು ಬೇರೆಯವರು ಎಂದು ಸುಳ್ಳು ಹೇಳಿದವನೂ ನಾನೇ. ಆ ಸುಳ್ಳನ್ನು ಅಕ್ಕ ನಂಬಿದಳು. ನಂಬದೆ ನಾಲ್ಕು ಬೈದಿದ್ದರೆ ಸಂಜೆಯೊಳಗೆ ಮರೆತುಬಿಡುತ್ತಿದ್ದೆ. ನಂಬಿದ್ದರಿಂದಲೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಬೇಕಾಯಿತು.

ಅಕ್ಕನ ಕಂಪ್ಯೂಟರ್ ಕ್ಲಾಸು ಈಗ ಮುಚ್ಚಿದೆ. ಅಲ್ಲಿ ಕಲಿತವರು ಬಂದು, "ಅಕ್ಕೋರ ಬಗ್ಗೆ ನೀವು ನಾಕು ಮಾತು ಬರೀರಿ, ನೀವ ಅವರ ತಮ್ಮ" ಎಂದರು. ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು ನಾನು. ಆದರೂ ಒಪ್ಪಿಕೊಂಡೆ. ಆಕೆಯ ಗುಣಗಾನ ಮಾಡಲು ಬೇರೆಯವರಿದ್ದಾರೆ. ಆಕೆಗೆ ಮೋಸ ಮಾಡಿದ ಕಥೆ ನನ್ನೊಬ್ಬನ ಹತ್ತಿರವೇ ಇದೆ.

ಅಕ್ಕ ಕುಳ್ಳಗಿದ್ದಳು, ಆದರೆ ನಡಿಗೆ ಎತ್ತರದವರದು. ತುರುಬಿನಲ್ಲಿ ಹೂವು ಇರಬೇಕಾದ ಜಾಗದಲ್ಲಿ ಸೀಮೆಸುಣ್ಣದ ಕಡ್ಡಿ ಇರುತ್ತಿತ್ತು. ಭಾಲ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಓದಿ, ಅಲ್ಲಿಂದ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದಳು. ಬಂದವಳು ಎಲ್ಲವನ್ನೂ ಸೊನ್ನೆಯಿಂದ ಎಣಿಸತೊಡಗಿದಳು. ಊಟಕ್ಕೆ ಬಡಿಸುವಾಗ "ಸೊನ್ನಿ, ಒಂದ, ಎರಡ" ಎನ್ನುತ್ತ ರೊಟ್ಟಿ ಹಾಕುತ್ತಿದ್ದಳು. ಎರಡು ಸಾಕೆಂದವನ ತಾಟಿನಲ್ಲಿ ಮೂರು ಇರುತ್ತಿದ್ದವು. ನಮ್ಮವ್ವ ಹಿಟ್ಟಿನ ಡಬ್ಬಿಯೊಳಗೆ ಇಣುಕಿ, "ಇಕೀ ಲೆಕ್ಕ ಕಲತು ಬಂದಾಗಿಂದ ಜ್ವಾಳ ಜಲ್ದಿ ತೀರಲಾಕತ್ಯಾವ" ಎಂದು ಗೊಣಗುತ್ತಿದ್ದಳು.

ಒಮ್ಮೆ ನನಗೆ ಹೇಳಿದಳು: "ಮನ್ಯಾಗ ನಾ ಸೊನ್ನಿ, ನೀ ಒಂದು."

ನಾನು ಬಹಳ ಖುಷಿಪಟ್ಟೆ. ಇಷ್ಟು ಓದಿದವಳು ತಾನೇ ಸೊನ್ನೆ ಎಂದು ಒಪ್ಪಿಕೊಂಡಳಲ್ಲ ಎಂದು ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಜಾವಾದಲ್ಲಿ ಸೊನ್ನೆಯೇ ಮೊದಲ ಸ್ಥಾನ, ಒಂದು ಎಂದರೆ ಅದರ ಹಿಂದೆ ನಿಂತವನು ಎಂದು ತಿಳಿಯುವ ಹೊತ್ತಿಗೆ ಆ ಸುದ್ದಿ ಸಂತಪುರದವರೆಗೆ ಹೋಗಿತ್ತು.

ಇನ್ನು ನನ್ನ ಕಸುಬು. ಔರಾದ ಬಸ್ ಸ್ಟ್ಯಾಂಡಿನಲ್ಲಿ ನಾನು ದಸ್ತಿ ಎಸೆಯುತ್ತಿದ್ದೆ. ಬಸ್ಸು ತಿರುಗಿ ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ, ಕಿಟಕಿಯೊಳಗೆ ಕೈವಸ್ತ್ರ ಎಸೆದು, ಬೇರೆಯವರಿಗಾಗಿ ಸೀಟು ಹಿಡಿಯುವ ಕೆಲಸ. ದಸ್ತಿ ಯಾವ ಸೀಟಿನ ಮೇಲೆ ಬಿದ್ದಿದೆಯೋ ಆ ಸೀಟು ದಸ್ತಿಯ ಧಣಿಗೆ. ಈ ಕಾಯ್ದೆ ಬರೆದವರು ಯಾರೋ ಗೊತ್ತಿಲ್ಲ, ಆದರೆ ನಮ್ಮ ಕಡೆ ಅದನ್ನು ಮೀರಿದವರನ್ನು ನಾನು ನೋಡಿಲ್ಲ. ಹೊಲದ ಬದುವಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರೂ ದಸ್ತಿ ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು.

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನನ್ನ ಕಸುಬಿಗೆ ಭಾರಿ ಬರಕತ್ತು. ಹೆಸರು ಒಣಗಿತು, ತೊಗರಿ ಒಣಗಿತು, ಮಾಂಜ್ರಾ ಹೊಳೆಯಲ್ಲಿ ಎಮ್ಮೆ ಮಲಗುವಷ್ಟೂ ನೀರಿರಲಿಲ್ಲ. ಹಳ್ಳಿಹಳ್ಳಿಯ ಜನ ಗಂಟು, ಕೊಡ, ಕೂಸು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟರು. ಎಲ್ಲರಿಗೂ ಸೀಟು ಬೇಕು. ಊರಿಗೆಲ್ಲ ಬರ, ನನಗೊಬ್ಬನಿಗೆ ಸುಗ್ಗಿ. ಹೇಳಲು ನಾಚಿಕೆಯಾಗುತ್ತದೆ. ಆದರೆ ಇದಕ್ಕಿಂತ ದೊಡ್ಡ ನಾಚಿಕೆ ಮುಂದಿರುವುದರಿಂದ ಇದನ್ನು ಬೇಗ ಹೇಳಿ ಮುಗಿಸುತ್ತಿದ್ದೇನೆ.

ಬೆಳಗಿನ ಬಸ್ಸುಗಳು ಹೋದ ಮೇಲೆ ನಾನು ಅಕ್ಕನ ಕ್ಲಾಸಿಗೆ ಹೋಗಿ ಕೂಡುತ್ತಿದ್ದೆ. ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅದು. ಎರಡು ಕಂಪ್ಯೂಟರು, ಎಂಟು ಕೆಂಪು ಪ್ಲಾಸ್ಟಿಕ್ ಖುರ್ಚಿ. ಕಂಪ್ಯೂಟರು ಕರೆಂಟು ಬಂದಾಗ ಮಾತ್ರ ಕಣ್ಣು ತೆರೆಯುತ್ತಿದ್ದವು, ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಹೀಗಾಗಿ ಅಕ್ಕ ಜಾವಾವನ್ನು ಖುರ್ಚಿಗಳಲ್ಲೇ ಕಲಿಸಿದಳು. ಖುರ್ಚಿಗಳ ಬೆನ್ನಿಗೆ ಬಿಳಿ ಬಣ್ಣದಲ್ಲಿ ಸೊನ್ನೆಯಿಂದ ಏಳರವರೆಗೆ ಬರೆದಳು. ಸಾಲಾಗಿ ಇಟ್ಟಳು.

"ಇದು ಅರೇ. ಅರೇ ಅಂದ್ರ ಸಾಲು. ಖುರ್ಚಿ ಅಲ್ಲಾಡಂಗಿಲ್ಲ, ಮಂದಿ ಅಲ್ಲಾಡ್ತಾರ. ತಿಳೀತಿಲ್ಲೋ?"

"ತಿಳೀತ್ರಿ ಅಕ್ಕೋರೆ."

"ಏನ್ ತಿಳೀತು?"

"ಖುರ್ಚಿ ಅಲ್ಲಾಡಂಗಿಲ್ರಿ." ಎಂದ ಹುಡುಗನ ಖುರ್ಚಿ ಅಷ್ಟರಲ್ಲೇ ಕಾಲು ಮುರಿದು ಕೂತಿತು. ಮೂರನೇ ನಂಬರಿನ ಖುರ್ಚಿ ಅಂದಿನಿಂದ ಇಟ್ಟಿಗೆಯ ಮೇಲೆ ನಿಂತಿತು.

ಸಾಲನ್ನು ಪ್ರಿಂಟ್ ಮಾಡುವುದೆಂದರೆ ಅಕ್ಕ ಕೈಯಲ್ಲಿ ಅಡಿಪಟ್ಟಿ ಹಿಡಿದು ಸೊನ್ನೆಯಿಂದ ಹೊರಟು ಒಬ್ಬೊಬ್ಬರ ತಲೆ ಮುಟ್ಟುತ್ತ ಹೋಗುವುದು. ತಲೆ ಮುಟ್ಟಿಸಿಕೊಂಡವರು ತಮ್ಮ ಹೆಸರು ಕೂಗಬೇಕು. ಒಂದು ದಿನ ಪಾಠದ ಭರದಲ್ಲಿ ಏಳನೆಯ ಖುರ್ಚಿ ಮುಗಿದರೂ ನಿಲ್ಲದೆ, ಎಣಿಕೆಗೆ ಇಟ್ಟ ಅಕ್ಷರ ಹಿಡಿದು "ಐ ಅಂದ್ರ ಎಂಟು" ಎನ್ನುತ್ತ ಬಾಗಿಲು ದಾಟಿಬಿಟ್ಟಳು. ಅಲ್ಲಿಂದ ಮುಂದೆ ಮೆಟ್ಟಿಲು. ದಡದಡ ಸದ್ದಾಯಿತು. ನಾವೆಲ್ಲ ಓಡಿ ನೋಡಿದರೆ ಕೆಳಗೆ, ಮಾರಾಟವಾಗದೆ ಉಳಿದ ಗೊಬ್ಬರದ ಚೀಲಗಳ ಮೇಲೆ ಕೂತಿದ್ದಾಳೆ. ಅಡಿಪಟ್ಟಿ ಕೈಯಲ್ಲೇ ಇದೆ.

"ನೋಡಿದಿರಿಲ್ಲೋ?" ಕೆಳಗಿನಿಂದಲೇ ಕೂಗಿದಳು. "ಎಂಟನೇದ್ದು ಇಲ್ಲ! ಇಲ್ಲದ್ದಕ್ಕ ಹೋದ್ರ ಹಿಂಗ ಆಗ್ತದ! ಬರಕೋರಿ!"

ಎಲ್ಲರೂ ಬರೆದುಕೊಂಡರು. ಆ ಪಾಠವನ್ನು ಯಾರೂ ಮರೆತಿಲ್ಲ. ಅಕ್ಕನ ಮೊಣಕಾಲು ಸಹ ಮರೆತಿಲ್ಲ.

ಭಾಲ್ಕಿಯಲ್ಲಿ ಮೊದಮೊದಲು ಆಕೆ ನಮ್ಮ ಮನೆಯವರ ಹೆಸರನ್ನೆಲ್ಲ ಒಂದು ಸಾಲಿನಲ್ಲಿಟ್ಟು, ಒಬ್ಬೊಬ್ಬರನ್ನು ಕೇಳದೆ ಇಡೀ ಸಾಲನ್ನು ಒಮ್ಮೆಲೇ ಪ್ರಿಂಟ್ ಮಾಡಲು ಹೇಳಿದ್ದಳಂತೆ. ಕಂಪ್ಯೂಟರು ಒಂದು ಕಂಸ, ಒಂದಿಷ್ಟು ಇಂಗ್ಲಿಷ್ ಅಕ್ಷರ, ಅರ್ಥವಿಲ್ಲದ ಅಂಕಿಗಳನ್ನು ಉಗುಳಿತು. ಅದು ತನಗೆ ಬೈಯುತ್ತಿದೆ ಎಂದು ಅಕ್ಕ ಅತ್ತೇಬಿಟ್ಟಳಂತೆ. "ಬೈಗಳಲ್ಲಮ್ಮ, ಸಾಲಿನ ಗುರುತು ಅಷ್ಟೇ" ಎಂದು ಮಾಸ್ತರು ಸಮಾಧಾನ ಮಾಡಿದರಂತೆ. ಇದನ್ನು ಆಕೆ ಜೀವನಕ್ಕೂ ಹಚ್ಚಿಕೊಂಡಳು. ಬಸ್ ಸ್ಟ್ಯಾಂಡಿಗೆ ಬಂದಾಗ ಗಂಟುಗಳ ಮೇಲೆ ಕೂತ ಜನರನ್ನು ಕಂಡು ನಾನು "ಕಮಲನಗರ ಕಡೀದವ್ರು" ಎಂದರೆ ರೇಗುತ್ತಿದ್ದಳು.

"ಅದು ಗುರುತು ಆತು. ಹೆಸರು ಏನು?"

"ಇಷ್ಟು ಮಂದಿದು ಯಾರು ಕೇಳ್ಕೋತ ಕೂಡ್ತಾರ?"

"ನಾ ಕೇಳ್ತೇನಿ" ಎಂದು ಸಾಲಾಗಿ ಹೊರಟುಬಿಡುತ್ತಿದ್ದಳು. ಜನ ಗಾಬರಿಯಾಗುತ್ತಿದ್ದರು, ಸರ್ಕಾರದಿಂದ ಏನಾದರೂ ಕೊಡುತ್ತಾರೇನೋ ಎಂದು ಆಸೆಪಡುತ್ತಿದ್ದರು. ಆಕೆ ಹೆಸರು ಕೇಳಿ, "ಹೋಗಿ ಬರ್ರಿ" ಎಂದಷ್ಟೇ ಹೇಳಿ ಬರುತ್ತಿದ್ದಳು.

ಆ ವರ್ಷಗಳಲ್ಲಿ ಆಕೆಯ ಶಿಷ್ಯರೂ ಅದೇ ಬಸ್ಸುಗಳಲ್ಲಿ ಹೋದರು. ಎಂಟು ಖುರ್ಚಿಯಲ್ಲಿ ಮೂರು ಖಾಲಿಯಾದವು, ಆಮೇಲೆ ಐದು. ಕೋಣೆ ಇಕ್ಕಟ್ಟಾಗಿದೆ, ಖಾಲಿ ಖುರ್ಚಿ ತೆಗೆದು ಹಾಕು ಎಂದೆ. "ಅರೇದ ಉದ್ದ ಒಮ್ಮೆ ಹೇಳಿದ್ರ ಹೇಳಿದ್ದ. ಮಂದಿ ಇಲ್ಲಂತ ಖುರ್ಚಿ ತೆಗಿಲಾಕ ಬರಂಗಿಲ್ಲ" ಎಂದಳು. ಪ್ರಿಂಟ್ ಮಾಡುವಾಗ ಖಾಲಿ ಖುರ್ಚಿಯನ್ನೂ ಅಡಿಪಟ್ಟಿಯಿಂದ ಮುಟ್ಟಿ ಸ್ವಲ್ಪ ನಿಲ್ಲುತ್ತಿದ್ದಳು. ಉಳಿದವರು ಒಟ್ಟಾಗಿ "ನಲ್" ಎನ್ನಬೇಕು. ನಲ್ ಎಂದರೆ ಜಾಗವಿದೆ, ಜಾಗದಲ್ಲಿ ಯಾರೂ ಇಲ್ಲ. ಹೋದವರು ಯುಗಾದಿಗೋ ಪಂಚಮಿಗೋ ಊರಿಗೆ ಬಂದರೆ ನೆಟ್ಟಗೆ ಬಂದು ತಮ್ಮ ಖುರ್ಚಿಯಲ್ಲೇ ಕೂಡುತ್ತಿದ್ದರು. ಮೂರನೇ ನಂಬರಿನವನು ಮಾತ್ರ ಇಟ್ಟಿಗೆ ನೋಡಿ ಕೂಡುತ್ತಿದ್ದ.

ಆದರೆ ಆಕೆಯ ಪ್ರಸಿದ್ಧ ಪಾಠವೆಂದರೆ ಅದಲು ಬದಲು. ಸೊನ್ನೆಯಲ್ಲಿದ್ದವನು ಒಂದಕ್ಕೆ, ಒಂದರಲ್ಲಿದ್ದವನು ಸೊನ್ನೆಗೆ. ಇದರಲ್ಲೇನು ಕಷ್ಟ, ಇಬ್ಬರೂ ಎದ್ದು ಜಾಗ ಬದಲಿಸಿದರಾಯಿತು ಎಂದು ನಾನು ಹೇಳಿದ್ದೆ.

"ಕಂಪ್ಯೂಟರ್ ಒಂದು ಸಲಕ್ಕ ಒಂದ ಕೆಲಸ ಮಾಡ್ತದೋ ತಮ್ಮಾ, ನಿನ್ಹಂಗ. ಒಂದನೇದವನನ್ನ ಸೀದಾ ಸೊನ್ನಿ ಮ್ಯಾಲ ತಂದು ಕೂಡಿಸಿದ್ರ ಏನಾಗ್ತದ? ಸೊನ್ನ್ಯಾಗೂ ಅಂವನ, ಒಂದರಾಗೂ ಅಂವನ. ಎರಡೂ ಕಡಿ ಅಂವನ! ಮೊದಲಿದ್ದಾಂವ ಎಲ್ಲಿ ಹೋದ? ಭೂಮಿ ನುಂಗ್ತು. ಅದಕ್ಕ ಮೊದಲ ಒಂದು ಖಾಲಿ ಜಾಗಾ ಮಾಡ್ಕೋಬೇಕು. ಅದಕ್ಕ ಟೆಂಪ್ ಅಂತಾರ. ಏಳು, ಜಾಗಾ ಬಿಡು."

ನಾನು ಕೂತ ಸ್ಟೂಲೇ ಟೆಂಪು. ಪ್ರತಿ ಸಲವೂ ನಾನು ಎದ್ದು ಬಾಗಿಲಿನ ಹೊರಗೆ ನಿಲ್ಲಬೇಕು. ಸೊನ್ನೆಯವನು ಎದ್ದು ಸ್ಟೂಲಿಗೆ ಬರುವನು. ಒಂದರವನು ಸೊನ್ನೆಗೆ ಹೋಗುವನು. ಆಮೇಲೆ ಸ್ಟೂಲಿನವನು ಒಂದಕ್ಕೆ. ಜಾವಾದಲ್ಲಿ ಬರೆದರೆ ಮೂರು ಸಾಲು, ಇಲ್ಲಿ ಮೂರು ಏಳುಬೀಳು, ಯಾರೂ ಕಳೆಯಲಿಲ್ಲ.

ಒಂದು ಹುಡುಗಿ ಕೇಳಿದಳು: "ಆಮ್ಯಾಲ ಟೆಂಪಿಂದು ಏನಾಗ್ತದ್ರಿ?"

"ಏನೂ ಆಗಂಗಿಲ್ಲ. ಅದರ ಕೆಲಸ ಮುಗೀತು. ಅದನ್ನ ಯಾರೂ ಕೇಳಂಗಿಲ್ಲ."

ಹೊರಗೆ ಮೆಟ್ಟಿಲ ಮೇಲೆ ನಿಂತ ನನ್ನನ್ನೂ ಯಾರೂ ಕೇಳಲಿಲ್ಲ. ಒಳಗೆ ಚಹಾ ಹಂಚಿದ್ದು ಗೊತ್ತಾಗಿದ್ದು ಕಪ್ಪು ತೊಳೆಯಲು ಕರೆದಾಗ.

ಹೀಗಿರುವಾಗ ಬೀದರದ ಒಂದು ಕಾಲೇಜಿನಿಂದ ಅಕ್ಕನಿಗೆ ಕರೆ ಬಂತು. ಖಾಯಂ ನೌಕರಿ. ಹೋಗಿ ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಕೆಲಸ. ಕ್ಲಾಸಿನಲ್ಲಿ ಮೂರೇ ತಲೆ ಉಳಿದಿದ್ದ ಕಾಲ ಅದು. ಅವ್ವ ಊರ ದೇವರಿಗೆಲ್ಲ ಕಾಯಿ ಹರಕೆ ಹೊತ್ತಳು. ಅಕ್ಕ ನನ್ನ ಕೈಗೆ ತನ್ನ ಹಳದಿ ದಸ್ತಿ ಕೊಟ್ಟು, "ನಾಳಿ ಬೆಳಗಿನ ಬಸ್ಸಿಗೆ ಕಿಟಕಿ ಸೀಟು. ಗಾಳಿ ಸಿಗಲಿಲ್ಲಂದ್ರ ಉಲ್ಟಿ ಬರ್ತದ ನನಗ, ಗೊತ್ತದಲ್ಲ?" ಎಂದಳು.

"ನನಗ ಹೇಳ್ತಿ?" ಎಂದೆ.

ಮರುದಿನ ಬಸ್ಸು ಬಂತು. ಹೈದರಾಬಾದಿಗೆ ಹೋಗುವ ಬಸ್ಸು, ಬೀದರದ ಮೇಲೆ ಹಾಯುವುದು. ನೂರು ಕೈ ನಡುವೆ ನನ್ನ ಹಳದಿ ದಸ್ತಿ ಪಾರಿವಾಳದಂತೆ ಹಾರಿ ಮೂರನೇ ಸಾಲಿನ ಕಿಟಕಿ ಸೀಟಿನ ನಟ್ಟನಡುವೆ ಕೂತಿತು. ಅಕ್ಕ ಅವಸರಪಡಲಿಲ್ಲ. ಚಹಾದ ಅಂಗಡಿಯಲ್ಲಿ ಮೂರು ಗ್ಲಾಸು ಇಟ್ಟುಕೊಂಡು ಚಹಾವನ್ನೂ ನೀರನ್ನೂ ಅದಲು ಬದಲು ಮಾಡುತ್ತ ಪಾಠ ರೂಢಿ ಮಾಡುತ್ತಿದ್ದಳು. ತಮ್ಮ ಸೀಟು ಹಿಡಿದಿದ್ದಾನೆ, ಇನ್ನೇನು ಚಿಂತೆ.

ದಸ್ತಿ ಕಾಯಲು ನಾನೂ ಬಸ್ಸು ಹತ್ತಿದೆ. ಮುಂದಿನ ಸಾಲಿನಲ್ಲಿ ನಾನೇ ಸೀಟು ಹಿಡಿದುಕೊಟ್ಟ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತಿದ್ದರು. ಮಹಾರಾಷ್ಟ್ರದ ಗಡಿಯ ಕಡೆಯವರು, ಮಾತಿನಲ್ಲಿ ಮರಾಠಿ ಬೆರೆತಿತ್ತು. ಕೂತ ಕ್ಷಣಕ್ಕೇ ಜಗಳ ಹತ್ತಿತು.

"ಅಗ ಬಾಯಿ! ಇಕೀ ಬಾಜೂ ನಾ ಹೈದರಾಬಾದ್ ತನಕ ಕೂಡಾಕಿ ಅಲ್ಲ. ಮಲಾ ನಕೋ!" ಅತ್ತೆ ಕೂಗಿದಳು.

"ನನಗೂ ಬ್ಯಾಡ್ರಿ. ಮೊಳಕೈಲೆ ತಿವೀಲಾಕತ್ಯಾಳ" ಎಂದಳು ಸೊಸೆ.

ಸೀಟು ಹಿಡಿದವನೇ ಬಗೆಹರಿಸಬೇಕೆಂದು ಎಲ್ಲರೂ ನನ್ನತ್ತ ತಿರುಗಿದರು. ಆಗ ನನಗೆ ಬುದ್ಧಿ ಕೆಟ್ಟಿತು. ಇಡೀ ಬಸ್ಸು ನೋಡುತ್ತಿದೆ. ನಾನು ಜಾವಾ ಬಲ್ಲವನು.

"ಯಾರೂ ಗಡಬಡ ಮಾಡಬ್ಯಾಡ್ರಿ" ಎಂದೆ. "ಇದಕ್ಕ ಅದಲು ಬದಲು ಅಂತಾರ. ಆಯೀ, ನೀ ಎದ್ದು ಅಲ್ಲಿ ಹಳದಿ ದಸ್ತಿ ಮ್ಯಾಲ ಕೂಡು. ದಸ್ತಿಯಾಕಿ ಬಂದು ನಿನ್ನ ಜಾಗಾದಾಗ ಕೂಡ್ತಾಳ. ಮುಗೀತು!"

ಅತ್ತೆ ಎದ್ದಳು. ನಾನು ದಸ್ತಿ ಎತ್ತಿಕೊಳ್ಳುವ ಮೊದಲೇ ಅದರ ಮೇಲೆ ಸೀದಾ ಕೂತಳು. ಕಿಟಕಿಯ ಗಾಳಿ ಮುಖಕ್ಕೆ ಬಡಿದದ್ದೇ, "ಬೇಷ್ ಅದ" ಎಂದಳು. ಬಿಟ್ಟು ಬಂದ ಜಾಗದಲ್ಲಿ ನೋಡಿದರೆ ಆಕೆಯ ಗಂಟು. ಗಂಟಿನ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಕೋಳಿ.

"ಆಯೀ, ಗಂಟು ತೆಗಿ."

"ಯಾಕ ತೆಗೀಲಿ? ಅಲ್ಲಿ ನನ್ನ ಗಂಟದ. ಇಲ್ಲಿ ನಾ ಇದ್ದೇನಿ. ಎರಡೂ ನಂದ."

"ಹಂಗಾರ ದಸ್ತಿ ಕೊಡು."

"ಯಾವ ದಸ್ತಿ?" ಎಂದು ಇನ್ನಷ್ಟು ಗಟ್ಟಿಯಾಗಿ ಕೂತಳು.

ಸೊನ್ನೆಯಲ್ಲೂ ಅವಳೇ, ಒಂದರಲ್ಲೂ ಅವಳೇ. ಮೊದಲಿದ್ದವಳನ್ನು ಭೂಮಿ ನುಂಗಿತು. ಅಕ್ಕ ಹೇಳಿದ್ದು ಅಕ್ಷರಶಃ ನನ್ನ ಕಣ್ಣೆದುರಿಗೆ, ಕೋಳಿ ಸಮೇತ, ಆಗಿ ನಿಂತಿತ್ತು. ಅಷ್ಟರಲ್ಲಿ ಹಿಂದಿನಿಂದ ಜನ ನುಗ್ಗಿ ನನ್ನನ್ನು ಮುಂದಿನ ಬಾಗಿಲಿನಿಂದ ಹೊರಕ್ಕೆ ಹಿಂಡಿಬಿಟ್ಟರು. ಕಂಡಕ್ಟರು "ರೈಟ್ ರೈಟ್" ಎಂದ. ಅಕ್ಕ ಚಹಾದ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಬಸ್ಸಿಗೆ ಕಾಲಿಡಲೂ ಜಾಗವಿರಲಿಲ್ಲ. ಅವಳ ಮುಖದ ಮೇಲೆ ಹೊಗೆ ಬಿಟ್ಟು ಹೋಯಿತು.

"ಸೀಟು?" ಎಂದಳು.

ಆ ಒಂದು ಕ್ಷಣದಲ್ಲಿ ಖರೇ ಹೇಳಬಹುದಿತ್ತು. ನಾನು ಹೇಳಿದ್ದು: "ಕಂಡಕ್ಟರ್ ನಿನ್ನ ದಸ್ತಿ ತೆಗದು ಒಗದುಬಿಟ್ಟನಕ್ಕಾ."

ಮುಂದಿನ ಬಸ್ಸು ಬಿಸಿಲೇರಿದ ಮೇಲೆ ಬಂತು. ಆಕೆ ಹೋದಳು. ಸಂಜೆ ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ಕೇಳಿದಳು, "ಏನಾತ?"

"ಎಲ್ಲಾ ಮುಗದಿತ್ತು. ಕೋಣ್ಯಾಗ ಯಾರೂ ಇರಲಿಲ್ಲ. ಬೋರ್ಡಿನ ಮ್ಯಾಲ ಯಾರದೋ ಅಕ್ಷರ ಇತ್ತು. ಸಾಲು ಎಣಸೂ ಲೂಪ್ ಬರದಿದ್ದ, ಒಂದು ಹೆಚ್ಚಿಗಿ ಹೋಗಿದ್ದ. ಇಲ್ಲದ್ದಕ್ಕ ಹೋಗಿದ್ದ. ಅಳಿಸಿ ಸರಿ ಮಾಡಿ ಬಂದೆ."

ಕೆಲಸ ಆ ಬೋರ್ಡಿನ ಅಕ್ಷರದವನಿಗೆ ಸಿಕ್ಕಿತು. ಅಕ್ಕ ಅಳಲಿಲ್ಲ. ಆ ರಾತ್ರಿ ರೊಟ್ಟಿ ಬಡಿಸುವಾಗ ಮಾತ್ರ ಒಂದರಿಂದ ಎಣಿಸಿದಳು. ಒಂದು ರೊಟ್ಟಿ ಕಡಿಮೆ ಬಿತ್ತು. ಇದ್ದದ್ದನ್ನೇ ತಿಂದು ಎದ್ದೆ.

ಅಲ್ಲಿಂದ ಆ ಕಂಡಕ್ಟರನ ಗ್ರಹಚಾರ ಶುರುವಾಯಿತು. ಜನವಾಡದವನು, ಮೆತ್ತಗಿನ ಮನುಷ್ಯ. ಅವನ ಬಸ್ಸು ಹತ್ತಿದಾಗಲೆಲ್ಲ ಅಕ್ಕ ಟಿಕೆಟಿನ ಜೊತೆ ಮಾತನ್ನೂ ಕೊಡುತ್ತಿದ್ದಳು. "ಟಿಕೆಟ್ ಹರದು ಕೊಡ್ರಿ. ಮಂದಿ ನಸೀಬ್ ಹರೀಬ್ಯಾಡ್ರಿ." ಇನ್ನೊಮ್ಮೆ, "ದಸ್ತಿ ಕಂಡ್ರ ಕೈ ತುರಸ್ತದೇನ್ರಿ ನಿಮಗ?" ಅವನು ಬೆಪ್ಪಾಗಿ ನನ್ನ ಮುಖ ನೋಡುತ್ತಿದ್ದ. ನಾನು ಕಿಟಕಿಯ ಹೊರಗೆ ಒಣಗಿದ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಕೊನೆಗೆ ಅವನು ಅಕ್ಕನನ್ನು ಕಂಡ ಕೂಡಲೇ ತನ್ನ ಕಂಡಕ್ಟರ್ ಸೀಟನ್ನೇ ಬಿಟ್ಟು ಎದ್ದು, "ಕೂಡ್ರಿ ಅಕ್ಕೋರೆ" ಎನ್ನತೊಡಗಿದ.

ಅಕ್ಕ ಕೂತು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು: "ನೋಡಿದಿ? ಕಳ್ಳನ ಮನಸು ಹುಳ್ಳುಳ್ಳಗ."

ನನ್ನ ಕಿವಿ ಕೆಂಡವಾಗುತ್ತಿತ್ತು. ಹೇಳಿಬಿಡಬೇಕೆಂದು ಸಂತಪುರದಲ್ಲಿ ನಿರ್ಧಾರ ಮಾಡುತ್ತಿದ್ದೆ, ಜನವಾಡದ ಹೊತ್ತಿಗೆ ನಿರ್ಧಾರ ಇಳಿದು ಹೋಗಿರುತ್ತಿತ್ತು. ಆ ಪಾಪದವನು ತನ್ನ ಮಗಳನ್ನೂ ಅಕ್ಕನ ಕ್ಲಾಸಿಗೇ ಹಾಕಿದ. ಹಾಗಾದರೂ ಅಕ್ಕ ಸುಮ್ಮನಾದಾಳು ಎಂಬ ಆಸೆ. ಅಕ್ಕ ಹುಡುಗಿಗೆ ಚೆನ್ನಾಗಿ ಕಲಿಸಿದಳು, ಅಪ್ಪನಿಗೆ ಬೈಯುವುದನ್ನು ಬಿಡಲಿಲ್ಲ.

ಆಮೇಲೆ ಮಳೆ ಬಂತು, ಜನ ಅರ್ಧ ತಿರುಗಿ ಬಂದರು, ಕ್ಲಾಸು ಮತ್ತೆ ತುಂಬಿತು, ಮತ್ತೆ ಬರಿದಾಯಿತು. ಕಂಡಕ್ಟರು ನೌಕರಿಯಿಂದ ನಿವೃತ್ತನಾದ. ಗೊಬ್ಬರದ ಅಂಗಡಿಯ ಧಣಿ ಮೇಲಿನ ಕೋಣೆ ಬೇಕೆಂದ. ಅಕ್ಕನಿಗೆ ಬೀದರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಪಾಠ ಹೇಳುವ ಕೆಲಸ ಗೊತ್ತಾಯಿತು. ಖಾಯಂ ಅಲ್ಲ. ಹಳೆಯ ಶಿಷ್ಯರು ಸೇರಿ ಅದೇ ಕೋಣೆಯಲ್ಲಿ ಬೀಳ್ಕೊಡುಗೆ ಇಟ್ಟರು. ಹಾರ, ಶಾಲು, ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ.

ಭಾಷಣ ಮಾಡಿರೆಂದರೆ ಅಕ್ಕ ಅಡಿಪಟ್ಟಿ ಕೈಗೆತ್ತಿಕೊಂಡಳು. "ಕೊನೀ ಸಲ ಒಂದು ಪ್ರಿಂಟ್ ಮಾಡೋಣ. ಕೂಡ್ರಿ ನಿಮ್ಮ ನಿಮ್ಮ ಜಾಗಾದಾಗ."

ಕೂತರು. ಆರು ಮತ್ತು ಏಳು ಖಾಲಿ ಉಳಿದವು. "ನಲ್" ಎನ್ನಲು ಎಲ್ಲರೂ ಬಾಯಿ ತೆರೆದಿದ್ದರು. ಅಕ್ಕ ಆ ಎರಡು ಖುರ್ಚಿಗಳನ್ನು ಸ್ವಲ್ಪ ಹೊತ್ತು ನೋಡಿ, "ಇವತ್ತು ಖಾಲಿ ಬ್ಯಾಡ" ಎಂದು ಬಾಗಿಲಲ್ಲಿ ನಿಂತ ನನ್ನನ್ನು ಆರಕ್ಕೆ, ಮಗಳ ಜೊತೆ ಬಂದು ಮೂಲೆಯಲ್ಲಿ ಅಂಜುತ್ತ ಭಜಿ ತಿನ್ನುತ್ತಿದ್ದ ಕಂಡಕ್ಟರನನ್ನು ಏಳಕ್ಕೆ ಕೂಡಿಸಿದಳು. ನಾನು ಆ ಸಾಲಿನಲ್ಲಿ ಕೂತದ್ದು ಅದೇ ಮೊದಲು.

"ಹೆಸರು ನನಗ ಗೊತ್ತವ. ಇವತ್ತು ನೀವು ಏನು ಅನ್ನೂದು ಹೇಳ್ರಿ."

ಅಡಿಪಟ್ಟಿ ಸೊನ್ನೆಯ ತಲೆಯ ಮೇಲೆ ಬಂತು. "ಸಾಲಿ ಟೀಚರ್ರಿ." ಒಂದು. "ಪುಣೆದಾಗ ಲಿಫ್ಟ್ ರಿಪೇರಿ ಮಾಡ್ತೇನ್ರಿ." ಎರಡು, "ಎರಡು ಮಕ್ಕಳ ತಾಯಿ, ಕರೆಂಟ್ ಬಿಲ್ ಬರೀತೇನಿ." ಮೂರು, "ಇಟ್ಟಂಗಿ ಮ್ಯಾಲ ಕೂಡಾಂವ್ರಿ." ಎಲ್ಲರೂ ನಕ್ಕರು. ನಾಲ್ಕು, ಐದು. ನಗು ಹತ್ತಿರ ಬರುತ್ತಿತ್ತು. ನನ್ನ ತಲೆಯ ಮೇಲೆ ಅಡಿಪಟ್ಟಿ ತಣ್ಣಗೆ ಕೂತಿತು. ತಮ್ಮ ಎಂದರೆ ಸಾಕಿತ್ತು.

"ಸೀಟು ಕಳದಾಂವ" ಎಂದೆ.

ಅಡಿಪಟ್ಟಿ ಮುಂದೆ ಸರಿಯಬೇಕಾಗಿತ್ತು, ಸರಿಯಲಿಲ್ಲ.

"ಸರಿಯಾಗಿ ಬರಲಿಲ್ಲ. ಮತ್ತೊಮ್ಮೆ ಪ್ರಿಂಟ್."

"ಆ ದಿನ ಕಂಡಕ್ಟರ್ ದಸ್ತಿ ತೆಗದಿಲ್ಲಕ್ಕಾ. ನಾನ ಒಬ್ಬಾಕಿನ್ನ ನಿನ್ನ ದಸ್ತಿ ಮ್ಯಾಲ ಕೂಡಿಸಿದೆ. ಅದಲು ಬದಲು ಮಾಡಲಾಕ ಹೋಗಿದ್ದೆ. ಟೆಂಪ್ ಇಟ್ಟಿರಲಿಲ್ಲ."

ಅಡಿಪಟ್ಟಿ ಏಳನೆಯ ತಲೆಗೆ ಸರಿಯಿತು.

"ಬೈಸ್ಕೊಂಡಾಂವ್ರಿ" ಎಂದ ಕಂಡಕ್ಟರು.

ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಕೋಣೆ ಬಿರಿಯುವಂತೆ ನಕ್ಕರು. ಅಕ್ಕ ನಗಲಿಲ್ಲ. ಶಾಲು ಬಿಚ್ಚಿ ಕಂಡಕ್ಟರನಿಗೆ ಹೊದಿಸಿದಳು.

"ಮತ್ತ ನಿಮ್ಮ ಸೀಟ್ಯಾಕ ಬಿಟ್ಟು ಕೊಡ್ತಿದ್ರಿ ನನಗ?"

"ಅಂಜಿಕಿಗ್ರಿ ಅಕ್ಕೋರೆ."

ನನಗೆ ಏನೂ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಆಕೆಯನ್ನು ಬೀದರಕ್ಕೆ ಬಿಟ್ಟು ಬರಲು ನಾನೇ ಹೊರಟೆ. ಕ್ಲಾಸಿನಿಂದ ಆಕೆ ತೆಗೆದುಕೊಂಡದ್ದು ಸೊನ್ನೆ ನಂಬರಿನ ಖುರ್ಚಿ ಒಂದನ್ನೇ. ಅದು ನನ್ನ ತಲೆಯ ಮೇಲೆ. ಬಸ್ಸು ಬಂದಾಗ ಆಕೆ ಒಂದು ಹೊಸ ದಸ್ತಿ ತೆಗೆದು ನನ್ನ ಮುಂದೆ ಹಿಡಿದಳು. "ಎಸಿ."

ಎಸೆದೆ. ಕಿಟಕಿಯ ಚೌಕಟ್ಟಿಗೆ ಬಡಿದು ಕೆಳಗೆ ಬಿತ್ತು. ನನ್ನ ಇಡೀ ಕಸುಬಿನಲ್ಲಿ ಹಾಗಾಗಿರಲಿಲ್ಲ. ಅಕ್ಕ ಎತ್ತಿಕೊಂಡು ಧೂಳು ಕೊಡವಿ ಕೈಯಲ್ಲೇ ಹಿಡಿದುಕೊಂಡಳು. ಇಬ್ಬರೂ ನಿಂತೇ ಹೊರಟೆವು. ಬಸ್ಸು ಗಿಜಿಗಿಜಿ. ಜನವಾಡಕ್ಕೆ ಹೊರಟಿದ್ದ ನಮ್ಮ ಕಂಡಕ್ಟರು ಹಳೆಯ ಪರಿಚಯದ ಮೇಲೆ ಬಾಗಿಲ ಹತ್ತಿರ ಕಿಟಕಿ ಸೀಟು ಹಿಡಿದಿದ್ದ. ಶಾಲು ಇನ್ನೂ ಮೈಮೇಲಿತ್ತು.

"ಅಕ್ಕೋರೆ, ಇಲ್ಲಿ ಬರ್ರಿ, ಕೂಡ್ರಿ" ಎಂದ.

ಆದರೆ ಹೇಗೆ? ಅವನು ಎದ್ದು ನಿಲ್ಲಲು ಜಾಗವಿಲ್ಲ. ಅಕ್ಕ ಒಳಗೆ ಹೋಗಲು ಜಾಗವಿಲ್ಲ. ನಡುವೆ ಖುರ್ಚಿ ಹೊತ್ತು ನಾನು. ಸಂತಪುರದಲ್ಲಿ ಬಸ್ಸು ನಿಂತಿತು.

"ತಮ್ಮಾ, ಇಳಿ" ಎಂದಳು ಅಕ್ಕ. ಆ ಮಧ್ಯಾಹ್ನದ ನಂತರ ಆಕೆ ನನಗೆ ಆಡಿದ ಎರಡನೇ ಮಾತು.

"ಯಾಕ?"

"ಖಾಲಿ ಜಾಗಾ ಬೇಕು. ಖುರ್ಚಿ ಸುದ್ದಾ ಇಳಿ."

ಇಳಿದೆ. ಖುರ್ಚಿಯನ್ನು ರಸ್ತೆಯ ಬದಿಗೆ ಇಟ್ಟೆ. ಕಂಡಕ್ಟರು ಎದ್ದು ನಾನು ನಿಂತಿದ್ದ ಜಾಗಕ್ಕೆ ಬಂದ. ಅಕ್ಕ ಕಿಟಕಿಗೆ ಹೋದಳು. ಕಂಡಕ್ಟರು ಅಕ್ಕ ನಿಂತಿದ್ದ ಜಾಗಕ್ಕೆ ಸರಿದ. ಮೂರು ಸಾಲು, ಯಾರೂ ಕಳೆಯಲಿಲ್ಲ. ಎಷ್ಟು ಚೆಂದವಾಗಿ ಆಯಿತೆಂದು ನಾನು ಕೆಳಗೆ ನಿಂತು ತಲೆದೂಗುತ್ತಿದ್ದೆ.

"ರೈಟ್ ರೈಟ್!" ಎಂಬ ಕೂಗು ಬಂತು. ಟಿಕೆಟು ಕೊಡುವ ಹೊಸ ಹುಡುಗನ ದನಿಯಲ್ಲ. ಶಾಲು ಹೊದ್ದವನ ದನಿ.

ಬಸ್ಸು ಹೊರಟೇಬಿಟ್ಟಿತು.

"ಅಕ್ಕಾ! ನಾ ಇಲ್ಲೇ ಇದ್ದೇನಿ!"

ಕಿಟಕಿಯಿಂದ ಆಕೆಯ ತಲೆ ಹೊರಗೆ ಬಂತು. ಅಂದು ಮೊದಲ ಸಲ ನಗುತ್ತಿದ್ದಳು, ತುರುಬಿನ ಸೀಮೆಸುಣ್ಣ ಬೀಳುವಷ್ಟು. ಕೈ ಬೀಸಿದಳು. ದಸ್ತಿ ಗಾಳಿಯಲ್ಲಿ ಬಿಚ್ಚಿಕೊಂಡು ಒಂದು ಸುತ್ತು ತಿರುಗಿ, ರಸ್ತೆ ಬದಿಯಲ್ಲಿದ್ದ ಸೊನ್ನೆ ನಂಬರಿನ ಖುರ್ಚಿಯ ನಟ್ಟನಡುವೆ ಬಂದು ಕೂತಿತು. ಗುರಿಯಲ್ಲಿ ಆಕೆ ನನಗಿಂತ ಮುಂದಿದ್ದದ್ದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ನನ್ನ ಕಾಲು ಸೋತಿದ್ದವು. ಖುರ್ಚಿಯ ಪಕ್ಕದಲ್ಲಿ ನಿಂತುಕೊಂಡೆ. ಬುಟ್ಟಿ ಹೊತ್ತ ಒಬ್ಬ ಮುದುಕ ಬಂದು ಬುಟ್ಟಿ ಇಳಿಸಿ, ಖುರ್ಚಿಯನ್ನೂ ನನ್ನನ್ನೂ ನೋಡಿದ.

"ಖಾಲಿ ಅದ ಅಲ್ರಿ? ಕೂಡ್ಲೇನು?"

"ಕೂಡಬ್ಯಾಡ್ರಿ" ಎಂದೆ. "ದಸ್ತಿ ಅದ ನೋಡ್ರಿ. ನಮ್ಮಕ್ಕನ ಸೀಟು."

ಮುದುಕ ದಸ್ತಿ ನೋಡಿದ. ಹೌದೆಂದು ತಲೆಯಾಡಿಸಿ, ನನ್ನ ಪಕ್ಕದಲ್ಲೇ ನಿಂತುಕೊಂಡ.